ಘಟ್ಟ ಇಳಿದವರ ಊಟ

ನಮ್ಮ ಕಡೆಯಿಂದ ಮಂಗಳೂರಿಗೆ ಹೊರಟವರು ನನ್ನನ್ನು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡೇ. "ಅಲ್ಲಿ ಊಟಕ್ಕೆ ಏನು ಮಾಡುವುದು ಮೇಷ್ಟ್ರೇ, ಆ ದಪ್ಪಕ್ಕಿ ಅನ್ನ ನಮಗೆ ಒಗ್ಗುತ್ತದೆಯೇ?" ಎಂಬುದು ಮೊದಲನೆಯದು. "ಆ ಸೆಕೆ, ಆ ನೀರು, ಆ ಸೊಳ್ಳೆ ತಡೆದುಕೊಳ್ಳಲು ಆಗುತ್ತದೆಯೇ?" ಎಂಬುದು ಎರಡನೆಯದು. ಕೇಳುವವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಿದ್ದಾರೆ. ಅವರ ಮಕ್ಕಳಿಗೆ ಮಂಗಳೂರಿನ ಕಾಲೇಜುಗಳಲ್ಲಿ ಸೀಟು ಸಿಕ್ಕಿರುತ್ತದೆ. ಧರ್ಮಸ್ಥಳ, ಕಟೀಲು, ಉಡುಪಿ ನೋಡಿಕೊಂಡು ಒಂದು ವಾರ ಕಡಲ ತೀರದಲ್ಲಿದ್ದು ಬರೋಣವೆಂದು ಹೊರಟ ನನ್ನ ವಯಸ್ಸಿನ ಮಿತ್ರರೂ ಇದ್ದಾರೆ. ಚರಿತ್ರೆಯ ಪಾಠ ಹೇಳಿ ನಿವೃತ್ತನಾದ ನಾನು ವೈದ್ಯನಲ್ಲ. ಆದರೂ ಈ ಎರಡು ಪ್ರಶ್ನೆಗಳಿಗೆ ಚರಿತ್ರೆಯಲ್ಲಿ ಉತ್ತರವಿದೆಯೆಂದು ನನಗೆ ತೋರುವುದರಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ. ಕರಾವಳಿಯ ಅಡುಗೆಯೆಂಬುದು ನಾಲಗೆಯ ಚಪಲಕ್ಕಾಗಿ ಮಾತ್ರ ಹುಟ್ಟಿದ್ದಲ್ಲ. ಅಲ್ಲಿನ ಬೆವರಿಗೆ, ಮಳೆಗೆ, ನೀರಿಗೆ ಅಲ್ಲಿನ ದುಡಿಯುವ ಜನ ಕಾಲಾನುಕಾಲದಿಂದ ಕಂಡುಕೊಂಡ ಪರಿಹಾರ ಅದು. ಹೊರಗಿನಿಂದ ಹೋದವರು ಆ ಪರಿಹಾರವನ್ನು ಒಪ್ಪಿಕೊಂಡಷ್ಟೂ ಅವರ ಆರೋಗ್ಯಕ್ಕೆ ಕ್ಷೇಮ.

ಮೊದಲು ನೆಲದ ವ್ಯತ್ಯಾಸವನ್ನು ಗಮನಿಸೋಣ. ತುಮಕೂರಿನ ನಮ್ಮ ಸತ್ಯಮಂಗಲ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಮಂಗಳೂರು ಕಡಲಿನ ಮಗ್ಗುಲಲ್ಲೇ ಇದೆ. ಅಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ನಮ್ಮಲ್ಲಿ ಬೀಳುವುದು ಹೆಚ್ಚುಕಡಿಮೆ ಅದರ ಐದನೆಯ ಒಂದು ಪಾಲು. ನಮ್ಮ ಬಿಸಿಲು ಒಣಬಿಸಿಲು, ಮೈಯ ಬೆವರು ಆರಿಹೋಗಿ ಮೈಯನ್ನು ತಂಪು ಮಾಡುತ್ತದೆ. ಅಲ್ಲಿನ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ. ಮೈ ತಣಿಯದೆ ಮತ್ತೆ ಬೆವರುತ್ತದೆ. ಬೆವರಿನೊಡನೆ ನೀರು ಹೋಗುತ್ತದೆ, ಉಪ್ಪೂ ಹೋಗುತ್ತದೆ. ನಮ್ಮವರು ಅಲ್ಲಿಗೆ ಹೋದ ಎರಡನೆಯ ದಿನವೇ "ಕೈಕಾಲು ಸೋಲುತ್ತವೆ" ಎನ್ನುವುದಕ್ಕೆ ಕಾರಣವಿಷ್ಟೇ. ಇದು ರೋಗವಲ್ಲ, ದೇಹಕ್ಕೆ ಹೊಸ ಹವೆಯ ಪರಿಚಯ.

ಈ ಎರಡು ಸೀಮೆಗಳು ಬಹುಕಾಲ ಆಡಳಿತದಲ್ಲೂ ಬೇರೆಯಾಗಿದ್ದವು. 1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಮೇಲೆ ಕೆನರಾ ಸೀಮೆ ಕಂಪನಿ ಸರ್ಕಾರದ ಕೈಸೇರಿತು. ತುಮಕೂರು ಮೈಸೂರು ಸಂಸ್ಥಾನದಲ್ಲೇ ಉಳಿಯಿತು. ಮಂಗಳೂರು ಮದ್ರಾಸು ಪ್ರಾಂತ್ಯದ ಊರಾಗಿದ್ದು, 1956ರ ನವೆಂಬರ್ 1ರಂದು ನಾವಿಬ್ಬರೂ ಒಂದೇ ರಾಜ್ಯದವರಾದೆವು. ಬೆಂಗಳೂರಿನಿಂದ ಹೊರಟ ರೈಲುಮಾರ್ಗ 1884ರಲ್ಲೇ ನಮ್ಮ ಗುಬ್ಬಿಗೆ ಬಂದಿತ್ತು. ಮಂಗಳೂರಿಗೆ 1907ರಲ್ಲಿ ಕೇರಳದ ಕಡೆಯಿಂದ ರೈಲು ಬಂದಿತು. ಆದರೆ ಇವೆರಡನ್ನೂ ಕೂಡಿಸುವ ಹಾಸನ–ಮಂಗಳೂರು ಮಾರ್ಗ ಸಕಲೇಶಪುರದ ಘಟ್ಟವನ್ನು ಇಳಿದು ಸಿದ್ಧವಾದದ್ದು 1979ರಲ್ಲಿ. ಅಲ್ಲಿಯವರೆಗೆ ರೈಲಿನಲ್ಲೇ ಹೋಗಬೇಕೆಂದವರು ತಮಿಳು ನಾಡನ್ನೂ ಮಲಬಾರನ್ನೂ ಸುತ್ತಿಕೊಂಡು ಹೋಗಬೇಕಾಗಿತ್ತು. ಇನ್ನು ರೈಲಿಗಿಂತ ಹಿಂದಿನ ಕಾಲದಲ್ಲಿ ಹೇರೆತ್ತು, ಗಾಡಿ, ಕಾಲ್ನಡಿಗೆಗಳೇ ಗತಿ. ಕರಾವಳಿಯ ಉಪ್ಪು ಘಟ್ಟ ಹತ್ತಿ ಬಯಲುಸೀಮೆಯ ಸಂತೆಗಳಿಗೆ ಬರುತ್ತಿತ್ತು. ಮಳೆ ಹಿಡಿದರೆ ಘಟ್ಟದ ದಾರಿ ಕಟ್ಟಿಹೋಗುತ್ತಿತ್ತು. ಘಟ್ಟದ ಕಾಡಿನಲ್ಲಿ ರಾತ್ರಿ ತಂಗಿದವರಿಗೆ ಚಳಿಜ್ವರ ಹಿಡಿಯುತ್ತಿತ್ತು.

ಆ ಪ್ರಯಾಣಿಕರ ಬುತ್ತಿ ಏನಾಗಿತ್ತು? ನಮ್ಮ ಸೀಮೆಯವರಿಗೆ ರಾಗಿ ಹುರಿಹಿಟ್ಟು, ಬೆಲ್ಲ, ಕಾಯಿಚೂರು, ಹುರಿಗಡಲೆ. ರಾಗಿಯನ್ನು ನೆನೆಸಿ, ಒಣಗಿಸಿ, ಹುರಿದು ಬೀಸಿದ ಹಿಟ್ಟು ಬಹುದಿನ ಕೆಡುವುದಿಲ್ಲ. ಒಲೆ ಹಚ್ಚುವ ಗೊಡವೆಯಿಲ್ಲ, ಮಜ್ಜಿಗೆಯೋ ಹಾಲೋ ಸಿಕ್ಕಲ್ಲಿ ಕಲಸಿಕೊಂಡು ತಿಂದರಾಯಿತು. 1800–01ರಲ್ಲಿ ಮೈಸೂರು, ಮಲಬಾರು, ಕೆನರಾ ಸೀಮೆಗಳನ್ನು ಸುತ್ತಿ, 1807ರಲ್ಲಿ ತನ್ನ ಪ್ರವಾಸಕಥನವನ್ನು ಮೂರು ಸಂಪುಟಗಳಲ್ಲಿ ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ನಮ್ಮ ಸಿರಾ, ಗುಬ್ಬಿಗಳ ಕಡೆಗೂ ಬಂದಿದ್ದನು. ರಾಗಿ ಈ ನಾಡಿನ ಸಾಮಾನ್ಯ ಜನರ ಮುಖ್ಯ ಆಹಾರವೆಂದೂ, ದುಡಿಯುವವರಿಗೆ ಬಲ ಕೊಡುವ ಧಾನ್ಯವೆಂದು ಜನ ನಂಬಿದ್ದಾರೆಂದೂ ಬರೆದಿದ್ದಾನೆ. ಮರುವರ್ಷದ ಆರಂಭದಲ್ಲಿ ಅವನು ಮಂಗಳೂರಿನ ಸೀಮೆಯಲ್ಲಿದ್ದಾಗ ಕಂಡದ್ದು ಬೇರೆಯೇ ಲೋಕ: ಎಲ್ಲೆಲ್ಲೂ ಭತ್ತ, ಭತ್ತದ ಗದ್ದೆಗಳಲ್ಲೇ ಹಲವು ಬಗೆ. ಒಂದೇ ಭಾಷೆಯ ನಾಡಿನಲ್ಲಿ ಘಟ್ಟದ ಮೇಲೆ ಮುದ್ದೆ, ಘಟ್ಟದ ಕೆಳಗೆ ಗಂಜಿ. ಎರಡನ್ನೂ ಹೆಚ್ಚು ಅಗಿಯದೆ ನುಂಗುತ್ತಾರೆ, ಎರಡೂ ಕುದಿನೀರಿನಲ್ಲಿ ಬೆಂದವು, ಎರಡೂ ಬೆವರು ಸುರಿಸುವವರ ಊಟ. ಮುದ್ದೆ ಉಂಡು ಬೆಳೆದವನು ಗಂಜಿಯನ್ನು ಕಂಡು ಮೂಗು ಮುರಿಯಬೇಕಾದ ಕಾರಣವಿಲ್ಲ.

ಹೊಸ ಅನ್ನಕ್ಕೆ ಒಗ್ಗಿಕೊಳ್ಳುವ ಕಷ್ಟವಾದರೂ ನಮ್ಮೊಬ್ಬರದಲ್ಲ. 14ನೆಯ ಶತಮಾನದ ನಡುವೆ, 1342ರ ಸುಮಾರಿಗೆ, ಮೊರೊಕ್ಕೊ ದೇಶದ ಇಬ್ನ್ ಬತೂತ ನಮ್ಮ ಕರಾವಳಿಗೆ ಬಂದನು. ಅವನು ಗೋದಿಯ ರೊಟ್ಟಿ ತಿಂದು ಬೆಳೆದವನು. ಹೊನ್ನಾವರದ ದೊರೆ ಜಮಾಲುದ್ದೀನನ ಮನೆಯಲ್ಲಿ ತನಗೆ ಬಡಿಸಿದ ಊಟವನ್ನು ಅವನು ಒಂದೊಂದಾಗಿ ವರ್ಣಿಸಿದ್ದಾನೆ. ಮೊದಲು ದೊಡ್ಡ ಸೌಟಿನಲ್ಲಿ ಅನ್ನ, ಅದರ ಮೇಲೆ ತುಪ್ಪ, ಪಕ್ಕದಲ್ಲಿ ಮೆಣಸು, ಹಸಿಶುಂಠಿ, ನಿಂಬೆ, ಮಾವುಗಳ ಉಪ್ಪಿನಕಾಯಿ. ಒಂದು ತುತ್ತು ಅನ್ನಕ್ಕೆ ಒಂದಿಷ್ಟು ಉಪ್ಪಿನಕಾಯಿ. ಅನಂತರ ಮತ್ತೊಂದು ಸೌಟು ಅನ್ನದೊಡನೆ ಕೋಳಿ, ಆಮೇಲೆ ಮೀನು, ಆಮೇಲೆ ತರಕಾರಿ. ಕೊನೆಯಲ್ಲಿ ಮೊಸರು. ಮೊಸರು ಬಂತೆಂದರೆ ಊಟ ಮುಗಿಯಿತೆಂದು ತಿಳಿಯಬೇಕು. ಇದೆಲ್ಲ ಆದ ಮೇಲೆ ಅವರು ಕುಡಿಯುವುದು ಬಿಸಿನೀರು. ಮಳೆಗಾಲದಲ್ಲಿ ತಣ್ಣೀರು ಕುಡಿದರೆ ಕೇಡೆಂದು ಅವರ ನಂಬಿಕೆ, ಎಂದು ಅವನು ಕಾರಣವನ್ನೂ ಹೇಳಿದ್ದಾನೆ. ಅದೇ ಮನೆಯಲ್ಲಿ ಮತ್ತೊಮ್ಮೆ ಹನ್ನೊಂದು ತಿಂಗಳು ತಂಗಿದ್ದಾಗ ರೊಟ್ಟಿಯ ಮುಖವನ್ನೇ ಕಾಣಲಿಲ್ಲವೆಂದೂ, ಮಾಲ್ಡೀವ್ಸ್, ಸಿಂಹಳ, ಮಲಬಾರುಗಳಲ್ಲೆಲ್ಲ ಅನ್ನವನ್ನೇ ಉಂಡು ಉಂಡು ಕಡೆಗೆ ನೀರಿನ ಸಹಾಯವಿಲ್ಲದೆ ಅದು ಗಂಟಲಲ್ಲಿ ಇಳಿಯದಂತಾಯಿತೆಂದೂ ಅವನು ಗೊಣಗಿದ್ದಾನೆ.

ಆ ಗೊಣಗಾಟ ನಮ್ಮ ಹುಡುಗರು ಹಾಸ್ಟೆಲಿನಿಂದ ಫೋನು ಮಾಡಿ ಹೇಳುವ ಮಾತಿನಂತೆಯೇ ಇದೆ. ಆದರೆ ನಾವು ಗಮನಿಸಬೇಕಾದದ್ದು ಬಿಸಿನೀರಿನ ಮಾತನ್ನು. ರೋಗಾಣುಗಳ ವಿಷಯ ಜಗತ್ತಿಗೆ ತಿಳಿಯುವುದಕ್ಕೆ ಐದು ಶತಮಾನಗಳ ಹಿಂದೆ, ಮಳೆಗಾಲದ ತಣ್ಣೀರಿನಲ್ಲಿ ಏನೋ ಅಪಾಯವಿದೆಯೆಂದು ಹೊನ್ನಾವರದವರು ಅನುಭವದಿಂದ ಅರಿತಿದ್ದರು. ಕಾಲರಾ ನೀರಿನಿಂದ ಹರಡುತ್ತದೆಂದು ಲಂಡನ್ನಿನ ಜಾನ್ ಸ್ನೋ ತೋರಿಸಿಕೊಟ್ಟದ್ದು 1854ರಲ್ಲಿ. ರಾಬರ್ಟ್ ಕಾಖ್ ಅದರ ರೋಗಾಣುವನ್ನು ಗುರುತಿಸಿದ್ದು 1883–84ರಲ್ಲಿ. ಮಳೆಗಾಲದಲ್ಲಿ ಹೊಲಸು ನೀರು ಬಾವಿಗೆ ಇಳಿಯುತ್ತದೆ, ಕುದಿಸಿದರೆ ಅದರ ದೋಷ ಹೋಗುತ್ತದೆ. ಕಾರಣ ತಿಳಿಯದಿದ್ದರೂ ಅಭ್ಯಾಸ ಸರಿಯಾಗಿತ್ತು. ಇಂದಿಗೂ ಕರಾವಳಿಯ ಹಲವು ಮನೆಗಳಲ್ಲಿ, ಕೆಲವು ಹೋಟೆಲುಗಳಲ್ಲಿ ಊಟಕ್ಕೆ ಕೂತವರ ಮುಂದೆ ಜೀರಿಗೆ ಹಾಕಿ ಕುದಿಸಿದ ಬಿಸಿನೀರು ಇಡುತ್ತಾರೆ. ಅದನ್ನು ಬಿಟ್ಟು ಐಸು ಹಾಕಿದ ನೀರನ್ನು ಕೇಳಿ ಪಡೆಯುವುದು ಜಾಣತನವಲ್ಲ. ಆ ಐಸು ಯಾವ ನೀರಿನದೆಂದು ನಮಗೇನು ಗೊತ್ತು?

ಇದಕ್ಕೆ ವಿರುದ್ಧವಾದ ನಿದರ್ಶನವೂ ಮಂಗಳೂರಿನ ಚರಿತ್ರೆಯಲ್ಲಿಯೇ ಸಿಗುತ್ತದೆ. 1783ರಲ್ಲಿ ಮಂಗಳೂರಿನ ಕೋಟೆಯನ್ನು ಹಿಡಿದುಕೊಂಡಿದ್ದ ಇಂಗ್ಲಿಷರ ಪಡೆಯನ್ನು ಟಿಪ್ಪು ಸುಲ್ತಾನನು ಮೇ ತಿಂಗಳಲ್ಲಿ ಮುತ್ತಿದನು. ಕರ್ನಲ್ ಕ್ಯಾಂಬೆಲನ ಕೈಕೆಳಗಿದ್ದ ಆ ಪಡೆ ಮಳೆಗಾಲವನ್ನೂ ದಾಟಿ ತಿಂಗಳುಗಟ್ಟಲೆ ಕೋಟೆಯೊಳಗೆ ಸಿಕ್ಕಿಬಿದ್ದಿತು. ಹೊರಗಿನಿಂದ ತಾಜಾ ಆಹಾರ ಬರುವಂತಿರಲಿಲ್ಲ. ಫಿರಂಗಿಯ ಗುಂಡಿನ ಜೊತೆಗೆ ಹಸಿವು ಮತ್ತು ಸ್ಕರ್ವಿ ರೋಗ ಸೈನಿಕರನ್ನು ಹಣ್ಣು ಮಾಡಿದವು. ಹಣ್ಣು, ಸೊಪ್ಪು, ಹುಳಿ ಏನೂ ಇಲ್ಲದೆ ಹಳೆಯ ದಾಸ್ತಾನಿನಲ್ಲೇ ಬದುಕುವವರಿಗೆ ಬರುವ, ಒಸಡು ಕೊಳೆತು ರಕ್ತ ಒಸರುವ ರೋಗವದು. 1784ರ ಜನವರಿ 30ರಂದು ಅವರು ಕೋಟೆ ಬಿಟ್ಟುಕೊಟ್ಟರು. ಮಾರ್ಚ್ 11ರಂದು ಮಂಗಳೂರಿನ ಒಪ್ಪಂದವಾಯಿತು. ಆ ಒಪ್ಪಂದದ ಕಲಮುಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದ ನಾನು ಈ ರೋಗದ ಮಾತನ್ನು ತಪ್ಪದೆ ಹೇಳುತ್ತಿದ್ದೆ. ಏಕೆಂದರೆ ಕೋಟೆಯ ಗೋಡೆಯಾಚೆಗೆ ನಿಂಬೆ, ಅಂಬಟೆ, ಬಿಂಬುಳಿ, ಪುನರ್ಪುಳಿ ಬೆಳೆಯುವ ನಾಡಿತ್ತು. ನಿಂಬೆ, ಕಿತ್ತಳೆಗಳಿಂದ ಸ್ಕರ್ವಿ ವಾಸಿಯಾಗುತ್ತದೆಂದು ಜೇಮ್ಸ್ ಲಿಂಡ್ ಎಂಬ ನೌಕಾವೈದ್ಯ 1747ರಲ್ಲೇ ತೋರಿಸಿದ್ದರೂ ಇಂಗ್ಲಿಷರ ನೌಕಾಪಡೆ ನಿಂಬೆರಸವನ್ನು ಕಡ್ಡಾಯ ಮಾಡಿದ್ದು 1795ರಲ್ಲಿ. ನೆಲದ ತಾಜಾ ಹುಳಿ, ಸೊಪ್ಪುಗಳಿಂದ ದೂರವಾದವನಿಗೆ ದಾಸ್ತಾನಿನ ಮೂಟೆ ಕಾಯುವುದಿಲ್ಲ. ಚೀಲದ ತುಂಬ ಬಿಸ್ಕತ್ತು, ಚಿಪ್ಸು ಹೊತ್ತುಕೊಂಡು ಹೋಗಿ ವಾರವಿಡೀ ಅದರಲ್ಲೇ ಕಳೆಯುವ ಮಕ್ಕಳ ತಂದೆತಾಯಿಗಳು ಇದನ್ನು ನೆನಪಿಡುವುದೊಳ್ಳೆಯದು.

ಈಗ ಆ ದಪ್ಪಕ್ಕಿಯ ವಿಷಯಕ್ಕೆ ಬರೋಣ. ಮಂಗಳೂರಿನ ಹೋಟೆಲಿನಲ್ಲಿ ಊಟಕ್ಕೆ ಕೂತರೆ "ಬೆಳ್ತಿಗೆಯೋ, ಕುಚ್ಚಲೋ?" ಎಂದು ಕೇಳುತ್ತಾರೆ. ಬೆಳ್ತಿಗೆ ಎಂದರೆ ನಮ್ಮ ಬಿಳಿಯ ಅಕ್ಕಿ. ಕುಚ್ಚಲಕ್ಕಿ ಎಂದರೆ ಭತ್ತವನ್ನು ಹೊಟ್ಟಿನ ಸಮೇತ ನೀರಿನಲ್ಲಿ ನೆನೆಸಿ, ಬೇಯಿಸಿ, ಒಣಗಿಸಿ, ಆಮೇಲೆ ಮಿಲ್ಲು ಮಾಡಿಸಿದ ಅಕ್ಕಿ. ಹೀಗೆ ಬೇಯಿಸುವಾಗ ಹೊಟ್ಟು-ತೌಡುಗಳ ಬಳಿಯಿರುವ ಬಿ ಜೀವಸತ್ವ ಕಾಳಿನ ಒಳಕ್ಕೆ ಇಳಿಯುತ್ತದೆ. ಮೇಲಿನ ಪದರ ಹೋದರೂ ಸತ್ವ ಉಳಿಯುತ್ತದೆ. ಇದರ ಬೆಲೆ ಜಗತ್ತಿಗೆ ತಿಳಿದದ್ದು ಬೆರಿಬೆರಿ ಎಂಬ ರೋಗದಿಂದ. ಜಾವಾ ದ್ವೀಪದಲ್ಲಿ ಕೆಲಸ ಮಾಡುತ್ತಿದ್ದ ಐಕ್‌ಮನ್ ಎಂಬ ವೈದ್ಯ ಪಾಲಿಶ್ ಮಾಡಿದ ಅಕ್ಕಿ ತಿಂದ ಕೋಳಿಗಳಿಗೆ ಬೆರಿಬೆರಿಯಂಥ ರೋಗ ಬರುವುದನ್ನು 19ನೆಯ ಶತಮಾನದ ಕೊನೆಯಲ್ಲಿ ಕಂಡನು. ಅವನಿಗೆ 1929ರಲ್ಲಿ ನೊಬೆಲ್ ಬಹುಮಾನ ಬಂದಿತು. ಅದಕ್ಕೆ ಮೊದಲು, 1905–06ರಲ್ಲಿ, ವಿಲಿಯಂ ಫ್ಲೆಚರ್ ಎಂಬ ವೈದ್ಯ ಕೌಲಾಲಂಪುರದ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ಒಂದು ಗುಂಪಿಗೆ ಬಿಳಿ ಅಕ್ಕಿಯನ್ನೂ ಇನ್ನೊಂದು ಗುಂಪಿಗೆ ಭಾರತದವರ ಕುಚ್ಚಲಕ್ಕಿಯನ್ನೂ ಉಣಿಸಿ ನೋಡಿದನು. ಬಿಳಿ ಅಕ್ಕಿ ಉಂಡವರಲ್ಲಿ ಬೆರಿಬೆರಿ ಹಬ್ಬಿತು, ಕುಚ್ಚಲಕ್ಕಿ ಉಂಡವರಲ್ಲಿ ಹಬ್ಬಲಿಲ್ಲ. ನಮ್ಮವರು "ದಪ್ಪಕ್ಕಿ" ಎಂದು ಹಗುರವಾಗಿ ಕರೆಯುವ ಧಾನ್ಯದ ಹಿಂದೆ ಇಷ್ಟು ದೊಡ್ಡ ಕಥೆಯಿದೆ. ಆದರೆ ಒಂದು ಎಚ್ಚರಿಕೆ. ಸಕ್ಕರೆ ಕಾಯಿಲೆಯ ಮಿತ್ರರು ಕುಚ್ಚಲಕ್ಕಿಯನ್ನು ಔಷಧವೆಂದು ಭಾವಿಸಿ ಎರಡು ಪಟ್ಟು ಉಣ್ಣಬಾರದು. ಎಷ್ಟಾದರೂ ಅದು ಅಕ್ಕಿಯೇ. ಮೊದಲ ಎರಡು ದಿನ ಸ್ವಲ್ಪವೇ ಉಂಡು, ಹೊಟ್ಟೆಗೆ ಪರಿಚಯ ಮಾಡಿಸಿ, ಆಮೇಲೆ ಹೆಚ್ಚಿಸಿಕೊಂಡರೆ ಯಾವ ತೊಂದರೆಯೂ ಇಲ್ಲ.

ಗಂಜಿಯ ಮಹಿಮೆಯನ್ನು ನಾನು ಪುಸ್ತಕದಿಂದ ಕಲಿತವನಲ್ಲ. 1980ರ ದಶಕದಲ್ಲಿ ಒಮ್ಮೆ ಒಂಬತ್ತನೆಯ ತರಗತಿಯ ಮಕ್ಕಳನ್ನು ಶೈಕ್ಷಣಿಕ ಪ್ರವಾಸಕ್ಕೆ ಕರೆದುಕೊಂಡು ಮಂಗಳೂರಿಗೆ ಹೋಗಿದ್ದೆವು. ಕಡಲ ತೀರದಲ್ಲಿ ಬಣ್ಣದ ಐಸುಕಡ್ಡಿ ತಿಂದ ಹುಡುಗನೊಬ್ಬನಿಗೆ ಆ ರಾತ್ರಿ ವಾಂತಿಭೇದಿ ಹತ್ತಿತು. ನಡುರಾತ್ರಿಯ ಹೊತ್ತಿಗೆ ಹುಡುಗನ ಕಣ್ಣು ಗುಳಿಬಿದ್ದವು, ತುಟಿ ಒಣಗಿತು. ಹೊರಗೆ ಜಡಿಮಳೆ, ಹೊತ್ತಲ್ಲದ ಹೊತ್ತು, ವಾಹನ ಸಿಗಲಿಲ್ಲ. ಬೇರೆಯವರ ಮಗ ನಮ್ಮ ಕೈಯಲ್ಲಿದ್ದಾನೆ ಎಂಬ ಭಯ ಎಂಥದೆಂದು ಉಪಾಧ್ಯಾಯರಾಗಿದ್ದವರಿಗೆ ಮಾತ್ರ ಗೊತ್ತು. ನಾವಿಳಿದುಕೊಂಡಿದ್ದ ವಸತಿಗೃಹದ ಅಡುಗೆಯ ಹೆಂಗಸು ಗದ್ದಲ ಕೇಳಿ ಎದ್ದು ಬಂದಳು. ಹುಡುಗನ ಕೈ ಮುಟ್ಟಿ ನೋಡಿದಳು.

"ಎಂತ ಹೆದರಬೇಡಿ ಮಾಷ್ಟ್ರೇ. ನಾನು ಗಂಜಿ ಇಡ್ತೇನೆ. ತೆಳಿಗೆ ಉಪ್ಪು ಹಾಕಿ ಕೊಡ್ತೇನೆ, ಸ್ವಲ್ಪ ಸ್ವಲ್ಪ ಕುಡಿಸಿ. ಒಟ್ಟಿಗೆ ಕೊಟ್ಟರೆ ಕಾರ್ತಾನೆ" ಎಂದಳು.

"ವಾಂತಿ ಆಗುತ್ತಿರುವಾಗ ಹೊಟ್ಟೆಗೆ ಹಾಕಬಹುದೇ ಅಮ್ಮ?" ಎಂದು ನಾನು ಕೇಳಿದೆ.

"ಹಾಕದಿದ್ದರೆ ಮಗು ಒಣಗಿ ಹೋಗ್ತದೆ" ಎಂದಳು.

ಗಂಜಿಯ ತಿಳಿಯನ್ನು ಅವರು ತೆಳಿ ಎನ್ನುತ್ತಾರೆ. ಆ ರಾತ್ರಿಯೆಲ್ಲ ನಾನೂ ನನ್ನ ಸಹೋದ್ಯೋಗಿಯೂ ಸರದಿಯಲ್ಲಿ ಕೂತು ಚಮಚದಲ್ಲಿ ತೆಳಿ ಕುಡಿಸಿದೆವು. ಬೆಳಗಿನ ಜಾವಕ್ಕೆ ಹುಡುಗ ಮೂತ್ರ ಮಾಡಿದನೆಂದು ತಿಳಿದಾಗ ಆ ತಾಯಿ "ಇನ್ನು ಭಯ ಇಲ್ಲ" ಎಂದಳು. ಬೆಳಕಾದ ಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿಯ ವೈದ್ಯರು, ರಾತ್ರಿ ಹೀಗೆ ಮಾಡಿದ್ದರಿಂದಲೇ ಮಗು ಈ ಸ್ಥಿತಿಯಲ್ಲಿದೆ ಎಂದರು. ಮೂರನೆಯ ದಿನ ಅವನು ಎಲ್ಲರೊಡನೆ ಊರಿಗೆ ಹಿಂತಿರುಗಿದನು.

ಅಕ್ಷರ ಕಲಿಯದ ಆ ಹೆಂಗಸು ಹೇಳಿದ್ದನ್ನೇ ಅದಕ್ಕೆ ಕೆಲವು ವರ್ಷಗಳ ಹಿಂದೆ ವಿಜ್ಞಾನ ಸಾಧಿಸಿ ತೋರಿಸಿತ್ತು. 1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರು ಗಡಿ ದಾಟಿ ಬಂದಾಗ ಪಶ್ಚಿಮ ಬಂಗಾಳದ ಬನ್‌ಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತು. ನರದ ಮೂಲಕ ಕೊಡುವ ದ್ರಾವಣ ಮುಗಿದುಹೋದಾಗ ಡಾ. ದಿಲೀಪ್ ಮಹಾಲನೊಬಿಸ್ ಅವರು ಉಪ್ಪು ಮತ್ತು ಗ್ಲೂಕೋಸುಗಳನ್ನು ನೀರಿನಲ್ಲಿ ಕದಡಿ ಬಾಯಿಯ ಮೂಲಕವೇ ಕುಡಿಸುವ ಧೈರ್ಯ ಮಾಡಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. 2022ರಲ್ಲಿ ತೀರಿಕೊಂಡ ಅವರಿಗೆ ಮರುವರ್ಷ ಪದ್ಮವಿಭೂಷಣ ಸಂದಿತು. ಸಕ್ಕರೆಯಂಶ ಜೊತೆಗಿದ್ದರೆ ಕರುಳು ಉಪ್ಪನ್ನೂ ನೀರನ್ನೂ ಒಳಕ್ಕೆ ಎಳೆದುಕೊಳ್ಳುತ್ತದೆ ಎಂಬುದೇ ಇದರ ಗುಟ್ಟು. ಗಂಜಿಯಲ್ಲಿ ಅನ್ನದ ಪಿಷ್ಟವೇ ಕರುಳಿನಲ್ಲಿ ಒಡೆದು ಆ ಸಕ್ಕರೆಯಾಗುತ್ತದೆ. ನೀರು ಕುದಿದದ್ದು, ಉಪ್ಪು ನಾವು ಹಾಕಿದ್ದು. ಮನೆಯಲ್ಲೇ ಮಾಡಿಕೊಳ್ಳುವ ಅಳತೆಯನ್ನು ಎಲ್ಲರೂ ನೆನಪಿಡಬೇಕು: ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಚಹಾ ಚಮಚದಲ್ಲಿ ಸಮಮಟ್ಟದ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಔಷಧದ ಅಂಗಡಿಯ ಓ.ಆರ್.ಎಸ್. ಪೊಟ್ಟಣ ಸಿಕ್ಕರೆ ಇನ್ನೂ ಒಳ್ಳೆಯದು, ಹೊರಡುವಾಗಲೇ ಚೀಲದಲ್ಲಿ ಎರಡು ಮೂರು ಇರಲಿ. ಮಗು ಕುಡಿಯಲಾರದಷ್ಟು ಸೋತರೆ, ಭೇದಿಯಲ್ಲಿ ರಕ್ತ ಕಂಡರೆ, ಮೂತ್ರ ನಿಂತರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಕುಚ್ಚಲು ಗಂಜಿಯ ಜೊತೆಗೆ ಕರಾವಳಿಯವರು ಏನೇನು ಇಟ್ಟುಕೊಂಡಿದ್ದಾರೆಂಬುದನ್ನೂ ನೋಡಬೇಕು. ಬಿಸಿಲಿಗೆ ಪುನರ್ಪುಳಿಯ ಪಾನಕ, ಎಳನೀರು, ನೀರುಮಜ್ಜಿಗೆ. ಎಳನೀರನ್ನು ಅಲ್ಲಿ ಬೊಂಡವೆನ್ನುತ್ತಾರೆ. ತಿಪಟೂರಿನ ಕೊಬ್ಬರಿಯ ಸೀಮೆಯವರಾದ ನಮಗೆ ಅದನ್ನು ಹೊಗಳಿ ಹೇಳಬೇಕಾಗಿಲ್ಲ. ಒಂದೆಲಗ ಮೊದಲಾದ ಸೊಪ್ಪುಗಳನ್ನು ತೆಂಗಿನಕಾಯಿಯೊಡನೆ ಅರೆದು ಮಜ್ಜಿಗೆ ಬೆರೆಸಿದ ತಂಬುಳಿ. ಮಳೆಗಾಲದಲ್ಲಿ ಕೆಸುವಿನೆಲೆಯ ಪತ್ರೊಡೆ. ಇವೆಲ್ಲವೂ ಆಯಾ ಋತುವಿನಲ್ಲಿ ಹಿತ್ತಲಲ್ಲಿ ಸಿಕ್ಕುವ ವಸ್ತುಗಳು. ತುಳುವರ ಆಟಿ ತಿಂಗಳ ಅಮಾವಾಸ್ಯೆಯಂದು ಬೆಳಕು ಹರಿಯುವ ಮುನ್ನ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು ಕಷಾಯ ಮಾಡಿ ಕುಡಿಯುತ್ತಾರೆ. ಆಮೇಲೆ ಮೆಂತೆಯ ಗಂಜಿ ಉಣ್ಣುತ್ತಾರೆ. ಮಳೆಗಾಲದ ಜ್ವರಗಳಿಗೆ ಅದು ತಡೆಯೆಂಬುದು ನಂಬಿಕೆ. ಹೊರಗಿನವರು ಇದನ್ನು ಗೌರವದಿಂದ ನೋಡಬಹುದು. ಆದರೆ ತಾವೇ ಮರ ಹುಡುಕಿಕೊಂಡು ಹೋಗಬಾರದು. ಬೇರೆ ಮರದ ತೊಗಟೆ ತಂದರೆ ಪ್ರಾಣಕ್ಕೇ ಸಂಚಕಾರ ಬಂದೀತು. ಸಂಪ್ರದಾಯವೆಂದರೆ ಬಲ್ಲವರ ಕೈಯ ವಿದ್ಯೆ, ಅರೆತಿಳಿದವರ ಆಟವಲ್ಲ.

ಮೀನು ತಿನ್ನುವ ಮಿತ್ರರಿಗೆ ಎರಡು ಮಾತು. ಬಂಗುಡೆ, ಬೂತಾಯಿಗಳು ಅಗ್ಗದ ಮೀನುಗಳಾದರೂ ಪುಷ್ಟಿಯಲ್ಲಿ ದುಬಾರಿ ಮೀನಿಗೆ ಕಡಮೆಯಿಲ್ಲ. ಆದರೆ ಈ ಜಾತಿಯ ಮೀನು ಬಿಸಿಲಿನಲ್ಲಿ ಕೂತರೆ ಅದರೊಳಗೆ ಹುಟ್ಟುವ ಒಂದು ನಂಜು ಬೇಯಿಸಿದರೂ ಹೋಗುವುದಿಲ್ಲ. ಮುಖ ಕೆಂಪೇರಿ ಮೈಯೆಲ್ಲ ದದ್ದು ಏಳುತ್ತದೆ. ಆದ್ದರಿಂದ ಹೆಚ್ಚು ವ್ಯಾಪಾರವಿರುವ, ಅಂದಿನ ಮೀನನ್ನು ಅಂದೇ ಮುಗಿಸುವ ಊಟದ ಮನೆಯನ್ನು ಹುಡುಕಬೇಕು. ಜೂನ್, ಜುಲೈ ತಿಂಗಳುಗಳಲ್ಲಿ ಕರ್ನಾಟಕದ ಕಡಲಿನಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೀನು ಮೊಟ್ಟೆಯಿಡುವ ಕಾಲವದು. ಆಗ ತಾಜಾ ಮೀನು ದುರ್ಲಭವಾದುದರಿಂದ ಹಿಂದಿನವರು ಒಣಮೀನಿನಲ್ಲಿ ತೃಪ್ತರಾಗುತ್ತಿದ್ದರು. ರಕ್ತದೊತ್ತಡವುಳ್ಳವರು ಮಾತ್ರ ಒಣಮೀನಿಗೂ ಉಪ್ಪಿನಕಾಯಿಗೂ ಕೈ ಹಿಡಿತದಲ್ಲಿಡಬೇಕು.

ಶುಚಿಯ ವಿಷಯದಲ್ಲಿ ಕರಾವಳಿಯವರು ನಮಗೆ ಹೊಸಬರೇನಲ್ಲ. ಉಡುಪಿ ಹೋಟೆಲೆಂಬ ಹೆಸರಿನಲ್ಲಿ ಅವರು ಘಟ್ಟ ಹತ್ತಿ ಬಂದು ನಮ್ಮೂರುಗಳಿಗೆ ಇಡ್ಲಿ ದೋಸೆಗಳನ್ನು ಬಡಿಸಿದವರು. ಉಡುಪಿಯ ಕಡೆಯ ಪಾರಂಪಳ್ಳಿಯಿಂದ ಬಂದ ಯಜ್ಞನಾರಾಯಣ ಮಯ್ಯರು ಮತ್ತು ಸೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಕಾಫಿ ಕ್ಲಬ್ಬೇ ಮುಂದೆ ಮಾವಳ್ಳಿ ಟಿಫನ್ ರೂಮ್ಸ್ ಆಯಿತು. 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿಯ ಹೋಟೆಲುಗಳನ್ನು ನೋಡಿ ಬಂದ ಮಯ್ಯರು ಪಾತ್ರೆಗಳನ್ನು ಹಬೆಯಲ್ಲಿ ಶುದ್ಧಿಮಾಡುವಂಥ ಕ್ರಮಗಳನ್ನು ತಂದರು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ನೋಡುವಂತೆ ಏರ್ಪಾಡು ಮಾಡಿದರು. ಅಪರಿಚಿತ ಊರಿನಲ್ಲಿ ಹೋಟೆಲು ಆರಿಸಿಕೊಳ್ಳುವವನಿಗೆ ಇದಕ್ಕಿಂತ ಒಳ್ಳೆಯ ಮಾನದಂಡವಿಲ್ಲ. ಅಡುಗೆಮನೆ ಕಾಣುತ್ತಿರಲಿ, ಅನ್ನದ ಮೇಲೆ ಹಬೆ ಏಳುತ್ತಿರಲಿ. ಬೆಳಗ್ಗೆ ರುಬ್ಬಿದ ಕಾಯಿಚಟ್ನಿಯನ್ನು ಸಂಜೆಗೆ ಮುಟ್ಟಬಾರದು, ಆ ಸೆಕೆಗೆ ಅದು ಬೇಗ ಹಳಸುತ್ತದೆ. ನಮ್ಮ ಕ್ಯಾತ್ಸಂದ್ರದ ಬಳಿಯ ಸಿದ್ಧಗಂಗೆಯ ದಾಸೋಹದಲ್ಲಿ ಸಾವಿರಾರು ಮಕ್ಕಳು ಒಟ್ಟಿಗೆ ಉಣ್ಣುತ್ತಾರೆ. ಧರ್ಮಸ್ಥಳದ ಅನ್ನಛತ್ರದಲ್ಲೂ ಸಾವಿರಗಟ್ಟಲೆ ಜನ ಉಣ್ಣುತ್ತಾರೆ. ದೊಡ್ಡ ಕೊಪ್ಪರಿಗೆಯಲ್ಲಿ ಬೆಂದು, ಬಿಸಿಯಾಗಿ ಬಡಿಸಿ, ಆಗಿಂದಾಗ ಮುಗಿಯುವ ಸರಳವಾದ ಅನ್ನ ಸಾರುಗಳೇ ಇಂಥ ಕಡೆಯ ಕ್ಷೇಮದ ಗುಟ್ಟು.

ಇನ್ನು ಸೊಳ್ಳೆ. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆಂಬುದನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಸಾಧಿಸಹೊರಟ ರೊನಾಲ್ಡ್ ರಾಸ್ ಅದಕ್ಕೆ ಎರಡು ವರ್ಷ ಮುಂಚೆ ನಮ್ಮ ಬೆಂಗಳೂರಿನಲ್ಲಿ ಕಾಲರಾ ತಡೆಯುವ ನೈರ್ಮಲ್ಯದ ಕೆಲಸಕ್ಕೆ ನೇಮಕವಾಗಿದ್ದವನು. ಹಿಂದೆ ಘಟ್ಟದ ಕಾಡಿನಲ್ಲಿ ಹೆದರಿಸುತ್ತಿದ್ದ ಚಳಿಜ್ವರ 1990ರ ದಶಕದಲ್ಲಿ ಮಂಗಳೂರು ನಗರದಲ್ಲೇ ಬೀಡುಬಿಟ್ಟಿತು. ಕಟ್ಟಡಗಳು ಏಳುವಲ್ಲಿ ನಿಂತ ನೀರು, ಮುಚ್ಚಳವಿಲ್ಲದ ತೊಟ್ಟಿಗಳು ಅದಕ್ಕೆ ಆಶ್ರಯವಾದವು. ಮಲೇರಿಯಾದ ನಗರವಾಸಿ ಸೊಳ್ಳೆ ಚರಂಡಿಯಲ್ಲಲ್ಲ, ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ಕಳೆದ ಕೆಲವು ವರ್ಷಗಳ ಹೋರಾಟದಿಂದ ಅಲ್ಲಿ ರೋಗ ಬಹಳವಾಗಿ ಇಳಿದಿದೆ. ಆದರೂ ಸೊಳ್ಳೆಪರದೆಯನ್ನು ಮರೆಯಬಾರದು. ಮಳೆಯ ಕಾಲದಲ್ಲಿ ಬರಿಗಾಲಿನಲ್ಲಿ ಕೆಸರು ತುಳಿಯಬಾರದು, ಇಲಿಜ್ವರ ಬರುವುದು ಆ ದಾರಿಯಿಂದ. ಎಲ್ಲಕ್ಕಿಂತ ಮುಖ್ಯವಾದ ಮಾತೆಂದರೆ, ಊರಿಗೆ ಮರಳಿ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಕಳೆದ ಮೇಲೂ ಮಲೇರಿಯಾ ತಲೆಯೆತ್ತಬಹುದು. ತುಮಕೂರಿನಲ್ಲಿ ಚಳಿಜ್ವರ ಬಂದಾಗ "ನಾನು ಕರಾವಳಿಗೆ ಹೋಗಿ ಬಂದಿದ್ದೆ" ಎಂಬ ಒಂದು ವಾಕ್ಯವನ್ನು ವೈದ್ಯರಿಗೆ ಹೇಳಿದರೆ ರಕ್ತಪರೀಕ್ಷೆ ಬೇಗ ಆಗುತ್ತದೆ, ಜೀವ ಉಳಿಯುತ್ತದೆ.

ಚರಿತ್ರೆಯೆಂದರೆ ರಾಜರ ಇಸವಿಗಳ ಪಟ್ಟಿಯೆಂದು ನನ್ನ ವಿದ್ಯಾರ್ಥಿಗಳು ಭಾವಿಸುತ್ತಿದ್ದರು. ಅಡುಗೆಯ ಮಡಕೆಯೊಳಗೂ ಚರಿತ್ರೆಯಿದೆಯೆಂದು ನಾನು ಅವರಿಗೆ ಹೇಳುತ್ತಿದ್ದೆ. ಯಾವ ಶಾಸನವೂ ಹೆಸರಿಸ‌ದ ಹೆಂಗಸರು, ಗದ್ದೆಯ ಆಳುಗಳು, ದೋಣಿಯವರು ತಮ್ಮ ಮಕ್ಕಳನ್ನು ಬದುಕಿಸಿಕೊಳ್ಳುವುದಕ್ಕಾಗಿ ಕಲಿತದ್ದನ್ನೆಲ್ಲ ಆ ಗಂಜಿಯಲ್ಲಿ, ಆ ಬಿಸಿನೀರಿನಲ್ಲಿ ಇಟ್ಟು ಹೋಗಿದ್ದಾರೆ. ಮಂಗಳೂರಿಗೆ ಹೊರಟಿರುವವರು ಸಂತೋಷವಾಗಿ ಹೋಗಿಬನ್ನಿ. ನಡುಹಗಲಿನಲ್ಲಿ ಒಂದು ದಿನವಾದರೂ ಹುಳಿ ಸಾಂಬಾರುಗಳ ಊಟವನ್ನು ಬಿಟ್ಟು, ಬಿಸಿಬಿಸಿ ಕುಚ್ಚಲು ಗಂಜಿಗೆ ಉಪ್ಪು ಹಾಕಿಸಿಕೊಂಡು, ನೆಂಚಿಕೊಳ್ಳಲು ಚಟ್ನಿ ಕೇಳಿ ಉಂಡು ನೋಡಿ. ಮಧ್ಯಾಹ್ನದ ಮೇಲೆ ಕೈಕಾಲು ಸೋಲದಿದ್ದರೆ, ಆ ಊರು ನಿಮಗೆ ಒಗ್ಗಿತೆಂದೇ ತಿಳಿಯಿರಿ.